ಜಾಲಿಹಟ್ಟಿಯ ದುಡಿಯುವ ಗಂಡಸರು

ಗಂಡಸಿಗೆ ಎದುರೆದುರೇ ಕೇಳಬಾರದ ಪ್ರಶ್ನೆಯೊಂದನ್ನು ಕೇಳುವುದೇ ಸುರೇಖಾಳ ಹೊಟ್ಟೆಪಾಡಾಗಿತ್ತು.

“ಹೋದ ವಾರ ನೀವು ಏನು ಕೆಲಸ ಮಾಡಿದ್ರಿ?”

ಇಷ್ಟೇ ಪ್ರಶ್ನೆ. ಆದರೆ ಇದನ್ನು ಕೇಳಿದೊಡನೆ ಕಟ್ಟೆಯ ಮೇಲೆ ಕೂತವನ ಮುಖ ಬದಲಾಗುತ್ತಿತ್ತು. ಹೊಲ ಇದ್ದವನು ಮೀಸೆಯ ಮೇಲೆ ಕೈ ಹಾಕುತ್ತಿದ್ದ. ಅಂಗಡಿ ಇದ್ದವನು ಉತ್ತರ ಕೊಡುತ್ತಲೇ ಗಿರಾಕಿಗೆ ಸಕ್ಕರೆ ತೂಗುತ್ತಿದ್ದ. ಏನೂ ಇಲ್ಲದವನು ಮಾತ್ರ ನೆಲ ನೋಡುತ್ತಿದ್ದ. ಅವನ ಪರವಾಗಿ ಒಳಗಿನಿಂದ ಹೆಂಡತಿಯೋ ತಾಯಿಯೋ “ಹೊಲದಾಗ ದುಡಿತಾನ, ಬರಕೋರಿ” ಎಂದು ಕೂಗುತ್ತಿದ್ದರು. ಯಾರ ಹೊಲ, ಕೂಲಿಗೋ ಸ್ವಂತಕ್ಕೋ ಎಂದು ಸುರೇಖಾ ಮರಳಿ ಕೇಳಲೇಬೇಕಿತ್ತು. ಹೂವಿನ ಹಿಪ್ಪರಗಿಯಲ್ಲಿ ಹಾಗೆ ಕೇಳಿದ್ದಕ್ಕೆ ಒಬ್ಬ ತರುಣ ಎದ್ದು ಒಳಗೆ ಹೋಗಿ ಅಗಳಿ ಹಾಕಿಕೊಂಡವನು, ಅವಳು ಓಣಿ ದಾಟುವವರೆಗೂ ಹೊರಗೆ ಬಂದಿರಲಿಲ್ಲ.

ದೇಶದ ಯಾವ ಭಾಗದಲ್ಲಿ ನೂರು ಗಂಡಸರಿಗೆ ಎಷ್ಟು ಮಂದಿ ದುಡಿಯುತ್ತಿದ್ದಾರೆ, ಹೋದ ವರ್ಷಕ್ಕಿಂತ ಈ ವರ್ಷ ಅದು ಏರಿದೆಯೋ ಇಳಿದಿದೆಯೋ ಎಂದು ಅಳೆಯುವ ಸಮೀಕ್ಷೆ ಅದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆ ಆರಿಸಿದ ಊರುಗಳಲ್ಲಿ ಆರಿಸಿದ ಮನೆಗಳಿಗೆ ಸುರೇಖಾ ಹೋಗಬೇಕು. ಮೂರು ತಿಂಗಳು ಬಿಟ್ಟು ಅದೇ ಮನೆಗೆ ಮತ್ತೆ ಹೋಗಬೇಕು. ಹೀಗೆ ವರ್ಷವಿಡೀ ಹೋಗಿ ಬಂದರೆ ಆ ಮನೆಯ ಋಣ ತೀರಿತು. ಮುಂದೆ ಬೇರೆ ಊರು. ಕೆಲಸ ಗುತ್ತಿಗೆಯದು. ಆದರೂ ತಾಂಬಾದಂಥ ಊರಲ್ಲಿ, ಕುರಿ ಕಾಯುವ ಅಮೋಘಸಿದ್ಧನ ಮಗಳು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಮುಂಜಾನೆ ಬಸ್ಸು ಹತ್ತುತ್ತಾಳೆ ಎಂದರೆ ಅದೇನು ಸಣ್ಣ ಮಾತಲ್ಲ.

ಮನೆಯಲ್ಲಿ ಮಾತ್ರ ಅದು ಮುಳ್ಳಾಗಿತ್ತು. ಅವಳ ತಮ್ಮ ಕಾಂತು ಡಿಗ್ರಿ ಮುಗಿಸಿದ್ದ. ಪೊಲೀಸ್ ಭರ್ತಿಗೆ ಎರಡು ಸಲ ಓಡಿದ್ದ, ಎರಡೂ ಸಲ ಬರವಣಿಗೆಯಲ್ಲಿ ಬಿದ್ದಿದ್ದ. ಕುರಿಯ ಹಿಂದೆ ಹೋಗು ಎಂದರೆ “ಡಿಗ್ರಿ ಮಾಡಿ ಕುರಿ ಕಾಯ್ಲೇನು?” ಎನ್ನುತ್ತಿದ್ದ. ಒಂದು ಸಲ ಊಟಕ್ಕೆ ಕೂತಾಗ ಸುರೇಖಾ ಸುಮ್ಮನೆ ಚೇಷ್ಟೆಗೆ, “ಕಾಂತುರಾಯರ, ಹೋದ ವಾರ ಏನು ಕೆಲಸ ಮಾಡಿದ್ರಿ?” ಎಂದು ತನ್ನ ಡ್ಯೂಟಿಯ ದನಿಯಲ್ಲಿ ಕೇಳಿಬಿಟ್ಟಳು. ಕಾಂತು ಅರ್ಧ ಉಂಡ ತಾಟು ಸರಿಸಿ ಎದ್ದು ಹೋದ. ತಾಯಿ ರೇವವ್ವ ಮಗಳ ಕಡೆ ನೋಡಿದ ನೋಟಕ್ಕೆ ಸುರೇಖಾಳ ಕೈಯೊಳಗಿನ ರೊಟ್ಟಿ ಕೈಯಲ್ಲೇ ಉಳಿಯಿತು.

ಜಾಲಿಹಟ್ಟಿಗೆ ಅವಳು ಮೊದಲ ಸಲ ಹೋದದ್ದು ಒಂದು ಬೇಸಗೆಯಲ್ಲಿ. ಮುದ್ದೇಬಿಹಾಳದ ಕಡೆ, ಡಾಂಬರು ರಸ್ತೆ ಬಿಟ್ಟು ಫರಸಿ ಕಲ್ಲಿನ ದಾರಿಯಲ್ಲಿ ನಡೆದರೆ ಸಿಗುವ ಸಣ್ಣ ಊರು. ಹೋದೊಡನೆ ಅವಳಿಗೆ ಹಿಡಿಸಿತು. ಮನೆಮನೆಗೂ ಹೊಸ ತಗಡು, ಬಣ್ಣ ಹಚ್ಚಿದ ಬಾಗಿಲು. ಬೇರೆ ಊರುಗಳಲ್ಲಿ ಬೇವಿನ ಮರದ ಕೆಳಗೆ ಇಸ್ಪೀಟು ಹಿಡಿದು ಕೂತಿರುವ ತರುಣರು ಇಲ್ಲಿ ಒಬ್ಬರೂ ಇರಲಿಲ್ಲ. ಹೆಂಗಸರು, ಮುದುಕರು, ಕೂಸುಗಳು, ಇಷ್ಟೇ. ಊರು ಸದ್ದಿಲ್ಲದೆ ಬಿಸಿಲಿಗೆ ಬಿದ್ದುಕೊಂಡಿತ್ತು.

ಕಸ್ತೂರೆವ್ವ ಎಂಬಾಕೆ ಅವಳನ್ನು ಕರೆದು ಕೂಡಿಸಿ ಮಜ್ಜಿಗೆ ಕೊಟ್ಟಳು. “ನಮ್ಮೂರಾಗ ಖಾಲಿ ಕುಂತ ಗಂಡಸು ಸಿಗಂಗಿಲ್ಲವ್ವಾ ನಿನಗ,” ಎಂದಳು. “ಎಲ್ಲಾರೂ ಕೆಲಸದಾಗ ಅದಾರ. ನನ್ನ ಮಗ ಮಾಳಿಂಗನೂ ಅದಾನ.”

“ಏನು ಕೆಲಸ?”

“ಗಿರಣಿಯೊಳಗ.”

“ಏನ ಬೀಸೋ ಗಿರಣಿ?”

ಕಸ್ತೂರೆವ್ವನಿಗೆ ಅದು ಗೊತ್ತಿರಲಿಲ್ಲ. ಗಿರಣಿ ಅಂದ ಮೇಲೆ ಹಿಟ್ಟೇ ಇರಬೇಕು. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ, ಬೇರೆ ಸೀಮೆ, ಬೇರೆ ಭಾಷೆ. ಧರ್ಮರಾಜ ಎಂಬ ಮುಕಾದಮ, ಅಂದರೆ ಆಳು ಒಯ್ಯುವ ಮೇಸ್ತ್ರಿ, ಕರೆದುಕೊಂಡು ಹೋಗುತ್ತಾನೆ. ಆದರೆ ಕಾರಖಾನೆಯಲ್ಲಿ ಏನು ತಯಾರಾಗುತ್ತದೆ ಎಂದು ಬರೆಯದೆ ಸುರೇಖಾಳ ಟ್ಯಾಬು ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ಕಸ್ತೂರೆವ್ವ ಮಗನಿಗೆ ವಿಡಿಯೋ ಕಾಲ್ ಹಚ್ಚಿದಳು.

ಪರದೆಯ ಮೇಲೆ ಮೂಡಿದ ಮುಖ ನೋಡಿ ಸುರೇಖಾ ಬೆಚ್ಚಿದಳು. ಹುಬ್ಬು ಬಿಳಿ, ರೆಪ್ಪೆ ಬಿಳಿ, ತಲೆಗೂದಲು ಬಿಳಿ. ಇಪ್ಪತ್ತೈದರ ಹುಡುಗ ಎಂಬತ್ತರ ಮುದುಕನಂತೆ ಕಾಣುತ್ತಿದ್ದ. ಹಲ್ಲು ಬಿಟ್ಟು ನಗುವಾಗ ಮಾತ್ರ ಬಾಯೊಳಗೆ ಕೆಂಪು.

“ಕಲ್ಲು ಬೀಸ್ತೇವ್ರಿ ಅಕ್ಕಾರ,” ಎಂದ ಮಾಳಿಂಗ. “ಬಿಳಿ ಕಲ್ಲು. ಪೌಡರ ಮಾಡಿ ಚೀಲಾ ತುಂಬೂದು. ಗಾಜು ಮಾಡಾಕ ಬೇಕಂತ್ರಿ ಅದು.”

“ಮೂಗಿಗಿ ಏನರೆ ಕಟ್ಟಿಕೊಳ್ತೀರೇನು?”

“ಟಾವೆಲ್ ಕಟ್ಟಿಕೊಳ್ತೇವ್ರಿ. ಮತ್ತ ಸಂಜಿಮುಂದ ಧರ್ಮರಾಜಣ್ಣ ಎಲ್ಲಾರಿಗೂ ಬೆಲ್ಲಾ ಕೊಡ್ತಾನ. ಬೆಲ್ಲಾ ತಿಂದ್ರ ಧೂಳು ಕೆಳಗ ಇಳದು ಹೋಗತೈತಿ.” ನಗುತ್ತ ನಗುತ್ತ ಅವನಿಗೆ ಕೆಮ್ಮು ಬಂತು. ಫೋನು ಅಲುಗಾಡಿ ತಗಡಿನ ಚಾವಣಿ ಕಂಡಿತು, ಆಮೇಲೆ ಕರೆ ಕಡಿಯಿತು.

“ಅಲ್ಲಿ ನೆಟವರ್ಕ್ ಬರೋಬ್ಬರಿ ಇಲ್ಲ,” ಎಂದಳು ಕಸ್ತೂರೆವ್ವ.

ಆ ತಿಂಗಳು ವಿಜಯಪುರದ ಕಚೇರಿಯಲ್ಲಿ ಮೇಲ್ವಿಚಾರಕ ಬಸಂತರಾಯರು ಸುರೇಖಾಳನ್ನು ಕರೆದು ಚಹಾ ತರಿಸಿದರು. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ. ಅಂಕಿಯ ಮೇಲೆ ಅವರಿಗೆ ಒಂದು ಥರದ ಪ್ರೀತಿ ಇತ್ತು. ಕರಾವಳಿಯದು ಇಷ್ಟು, ಮೈಸೂರು ಕಡೆಯದು ಇಷ್ಟು, ನಮ್ಮ ಬಯಲು ಸೀಮೆಯದು ಇಷ್ಟು ಎಂದು ಹಳೆಯ ವರ್ಷಗಳನ್ನು ಹೊಸ ವರ್ಷಗಳ ಪಕ್ಕ ಇಟ್ಟು ನೋಡುವುದರಲ್ಲೇ ಅವರ ಆಯುಷ್ಯ ಸವೆದಿತ್ತು. “ಈ ಕಡೀ ಗಂಡಸರ ದುಡಿಮಿ ಯಾವಾಗಲೂ ಇಳಿಮುಖನಽ ಇತ್ತು ನೋಡು. ಈಗ ತಟಕ್ಕನ ಏರೇತಿ,” ಎಂದು ಖುಷಿಯಿಂದ ಹೇಳಿದರು. “ನಿನ್ನ ಜಾಲಿಹಟ್ಟಿ ಅಂತೂ ಬಂಗಾರದ ಊರವಾ.”

ಸುರೇಖಾ ಚಹಾ ಕುಡಿದಳು. ಅವಳ ಕಣ್ಣ ಮುಂದೆ ಆ ಬಿಳಿ ರೆಪ್ಪೆಗಳು ಇದ್ದವು.

ಮಳೆ ಶುರುವಾದ ಮೇಲೆ ಅವಳು ಮತ್ತೆ ಹೋದಾಗ ಜಾಲಿಹಟ್ಟಿಯ ಬೇವಿನ ಮರದ ಕೆಳಗೆ ಗಂಡಸರಿದ್ದರು. ದೂರದಿಂದ ನೋಡಿ, ಮಳೆಗೆ ಬಿತ್ತಲು ರಜೆ ಹಾಕಿ ಬಂದಿರಬೇಕು ಎಂದುಕೊಂಡಳು. ಹತ್ತಿರ ಹೋದಂತೆ ಅವಳ ಹೆಜ್ಜೆ ಸಾವಕಾಶವಾಯಿತು. ಯಾರ ಕೈಯಲ್ಲೂ ಇಸ್ಪೀಟಿಲ್ಲ, ಯಾರ ಬಾಯಲ್ಲೂ ಮಾತಿಲ್ಲ. ಎಲ್ಲರೂ ಒಂದೇ ರೀತಿ ಕೂತಿದ್ದರು: ಎರಡೂ ಕೈ ಮೊಣಕಾಲ ಮೇಲೆ ಊರಿ, ಮೈ ಮುಂದೆ ಬಾಗಿಸಿ, ಬಾಯಿ ತುಸು ತೆರೆದು. ಗಾಳಿಯನ್ನು ಕುಡಿಯುವವರ ಹಾಗೆ. ನಡುವೆ ಒಬ್ಬ ಕೆಮ್ಮಿದರೆ ಅವನು ಮುಗಿಸುವವರೆಗೂ ಉಳಿದವರು ಕಾಯುತ್ತಿದ್ದರು.

ಅವರೊಳಗೆ ಮಾಳಿಂಗನೂ ಇದ್ದ. ಧೂಳು ತೊಳೆದುಹೋದ ಅವನ ಮುಖ ಈಗ ಅವನ ವಯಸ್ಸಿನದೇ ಆಗಿತ್ತು. ಆದರೆ ಕೊರಳ ಕೆಳಗಿನ ಎಲುಬು ಅಂಗಿಯನ್ನು ಎತ್ತಿ ಹಿಡಿದಿತ್ತು. ಸುರೇಖಾ ತನ್ನ ಪ್ರಶ್ನೆ ಕೇಳಲಾರದೆ ಕೇಳಿದಳು. ಕೆಲಸ ಮಾಡುತ್ತಿದ್ದಾನೋ, ಹುಡುಕುತ್ತಿದ್ದಾನೋ, ಮಾಡಲು ಮೈಯಲ್ಲಿ ಬಲವಿಲ್ಲವೋ. ಮೂರರಲ್ಲಿ ಒಂದು ಬರೆಯಬೇಕಿತ್ತು.

“ಹುಡಕಾಕತ್ತೇನಿ… ಅಂತ ಬರಕೋರಿ,” ಎಂದ ಮಾಳಿಂಗ. ಇಷ್ಟು ಹೇಳುವುದರೊಳಗೆ ನಡುವೆ ಒಮ್ಮೆ ನಿಂತು ಉಸಿರೆಳೆದುಕೊಂಡ. “ಸ್ವಲ್ಪ ಆರಾಮ ಆದ ಮ್ಯಾಲೆ… ಮತ್ತ ಹೋಗಾವನ ನಾ.”

ಒಳಗೆ ಕಸ್ತೂರೆವ್ವ ದನಿ ಇಳಿಸಿ ಹೇಳಿದಳು. “ಕ್ಷಯ ಅಂದಾರವ್ವಾ ಡಾಕ್ಟರು. ಗುಳಿಗಿ ಕೊಟ್ಟಾರ. ಬಾಜೂ ಮನಿಯವರಿಗೂ ಅದಽ ಅಂದಾರ. ಊರ ತುಂಬ ಒಂದಽ ಬ್ಯಾನಿ ಬಂದೇತಿ, ಗಂಡಸರಿಗಷ್ಟಽ. ಹೆಂಗಸರಿಗೆ ಒಬ್ಬರಿಗೂ ಇಲ್ಲ ನೋಡು. ಏನರೆ ಕಾಟ ಇರಬೇಕಂತ ಗುಡಿಯಾಗ ಕಾಯಿ ಕಟ್ಟಿಸೇವಿ.”

ಗಂಡಸರಿಗಷ್ಟೇ ಬರುವ ಕ್ಷಯ ಎಲ್ಲಿಯಾದರೂ ಉಂಟೇ? “ಅಕ್ಕಾರ, ಅದು ಗಿರಣಿ ಧೂಳು ಇರಬೇಕ್ರಿ,” ಎಂದಳು. ಕಸ್ತೂರೆವ್ವ ಅವಳನ್ನೇ ನೋಡಿದಳು. ಆಕೆಯ ಕಿರಿಯ ಮಗ ಹೋದ ಹುಣ್ಣಿಮೆಯಷ್ಟೇ ಅದೇ ಗಿರಣಿಗೆ ಹೋಗಿದ್ದ. ಅಣ್ಣನ ಜಾಗ ಖಾಲಿ ಬಿಡಬಾರದೆಂದು ಧರ್ಮರಾಜನೇ ಬಂದು ಕರೆದುಕೊಂಡು ಹೋಗಿದ್ದ.

ಅಂದು ಬಸ್ಸಿಗೆ ಕಾಯುವಾಗ ಒಂದು ಬಿಳಿ ಬೊಲೆರೋ ಬಂದು ಅವಳ ಮುಂದೆ ನಿಂತಿತು. ಇಳಿದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಹಣೆಗೆ ಅಚ್ಚುಕಟ್ಟಾಗಿ ವಿಭೂತಿ ಹಚ್ಚಿದ್ದ. ಬಹಳ ಮೆತ್ತಗೆ ಮಾತಾಡುತ್ತಿದ್ದ.

“ನಮಸ್ಕಾರ್ರೀ ಅಕ್ಕಾರ. ನಾ ಧರ್ಮರಾಜ. ನೀವು ಮಂದಿಗಿ ಕೆಲಸ ಐತೋ ಇಲ್ಲೋ ಕೇಳ್ತೀರಿ, ನಾ ಕೆಲಸಾ ಕೊಡ್ತೇನಿ. ಇಬ್ಬರದೂ ಒಂದಽ ಧಂದೆ ಅನ್ರಿ.” ನಕ್ಕ. “ನಿಮ್ಮದು ತಾಂಬಾ ಅಲ್ಲೇನ್ರಿ? ನಿಮ್ಮ ತಮ್ಮಗ ಇನ್ನೂ ಎಲ್ಲೂ ಕೆಲಸ ಹತ್ತಿಲ್ಲಂತ.”

ಸುರೇಖಾ ಈ ಕಡೆಯ ಯಾರ ಮುಂದೆಯೂ ತನಗೊಬ್ಬ ತಮ್ಮನಿದ್ದಾನೆಂದು ಹೇಳಿರಲಿಲ್ಲ. ಬಸ್ಸು ಬಂತು, ಹತ್ತಿದಳು. ಕಿಟಕಿಯಿಂದ ನೋಡಿದರೆ ಅವನು ಇನ್ನೂ ಕೈ ಮುಗಿದುಕೊಂಡೇ ನಿಂತಿದ್ದ.

ದೀಪಾವಳಿಯ ನಂತರದ ಭೇಟಿಯಲ್ಲಿ ಬೇವಿನ ಮರದ ಕೆಳಗಿನ ಸಾಲು ಸಣ್ಣದಾಗಿತ್ತು. ಹೋದ ಸಲ ಮಾತಾಡಿಸಿದ ಕೆಲವರು ಈ ಸಲ ಇರಲಿಲ್ಲ. ಅವರ ಮನೆಗೆ ಹೋಗಿ ಟ್ಯಾಬು ತೆರೆದರೆ, ಈ ಸದಸ್ಯ ಈಗ ಕುಟುಂಬದಲ್ಲಿಲ್ಲವೇ, ಕಾರಣವೇನು ಎಂದು ಅದು ಕೇಳುತ್ತಿತ್ತು. ಕಾರಣ ಒತ್ತಿದೊಡನೆ ಆ ಹೆಸರು ಪರದೆಯಿಂದ ಮಾಯವಾಗಿ ಕೆಳಗಿನ ಹೆಸರು ಮೇಲೆ ಸರಿಯುತ್ತಿತ್ತು. ಪಕ್ಕದಲ್ಲಿ ಆ ಹೆಸರಿನವನ ಹೆಂಡತಿ ತಲೆ ಮೇಲೆ ಸೆರಗು ಹೊದ್ದು ಕೂತಿರುತ್ತಿದ್ದಳು.

ಈ ಸಲ ಸುರೇಖಾ ತಾನಾಗಿಯೇ ಬಸಂತರಾಯರ ಮುಂದೆ ಹೋಗಿ ನಿಂತಳು. ಕಂಡದ್ದನ್ನೆಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಜಾಲಿಹಟ್ಟಿಯ ಅಂಕಿ ತೆರೆದರು.

“ಇಳಿದಿಲ್ಲಲ್ಲವಾ,” ಎಂದರು.

“ಹ್ಯಾಂಗ ಇಳಿತೈತ್ರಿ ಸರ? ಸತ್ತವರು ಲೆಕ್ಕದಾಗಽ ಇಲ್ಲ. ಅವರ ಜಾಗಾಕ್ಕ ತಮ್ಮಂದಿರು ಹೋಗ್ಯಾರ. ನೂರಕ್ಕ ಎಷ್ಟು ಮಂದಿ ಅಂತ ಕೇಳಿದ್ರ ಉತ್ತರ ಅಷ್ಟಽ ಬರತೈತಿ. ಆ ನೂರು ಮಂದಿ ಯಾರು ಅಂತ ನಾವು ಕೇಳಂಗಿಲ್ಲ.”

ಬಸಂತರಾಯರು ತೆರೆದ ಅಂಕಿ ಮುಚ್ಚಿದರು. ಎಣಿಸುವುದಷ್ಟೇ ನಮ್ಮ ಕೆಲಸ, ಒಂದು ಮನೆಯ ಮಾತು ಇನ್ನೊಂದು ಮನೆಗೆ ಒಯ್ಯಬಾರದೆಂದು ನಿನಗೂ ಗೊತ್ತು ಎಂದು ಹೇಳಿದರು. ಹೇಳುವಾಗ ಅವರು ಅವಳ ಮುಖ ನೋಡಲಿಲ್ಲ. ಅವಳು ಬಾಗಿಲ ತನಕ ಹೋದ ಮೇಲೆ ಕರೆದು, ಎದೆಯ ರೋಗ ನೋಡುವ ತಮ್ಮ ಪರಿಚಯದ ಡಾಕ್ಟರೊಬ್ಬರ ನಂಬರು ಬರೆದುಕೊಟ್ಟರು. “ಇದು ಆಫೀಸಿಂದ ಕೊಟ್ಟದ್ದಲ್ಲ,” ಎಂದರು.

ಅಂದು ಸಂಜೆ ತಾಂಬಾದಲ್ಲಿ ಇಳಿದು ತನ್ನ ಓಣಿಗೆ ತಿರುಗಿದ ಸುರೇಖಾ ಅಲ್ಲಿಯೇ ನಿಂತಳು. ಮನೆಯ ಮುಂದೆ ಬಿಳಿ ಬೊಲೆರೋ ನಿಂತಿತ್ತು.

ಒಳಗೆ ಧರ್ಮರಾಜ ಕಂಬಳಿಯ ಮೇಲೆ ಕಾಲು ಮಡಿಸಿ ಕೂತು ಚಹಾ ಕುಡಿಯುತ್ತಿದ್ದ. ರೇವವ್ವ ಅವನಿಗೆ ಚುರುಮುರಿ ಕೊಟ್ಟಿದ್ದಳು. ಕಾಂತು ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ನಗೆ ಇತ್ತು.

“ಬರ್ರಿ ಅಕ್ಕಾರ,” ಎಂದ ಧರ್ಮರಾಜ, ಮನೆ ತನ್ನದೇ ಎಂಬಂತೆ. “ನಾಡದ ಮುಂಜಾನಿ ಹೊಂಡೂದು. ಡಿಗ್ರಿ ಆದಾವ, ಅಂವಗ ಸೂಪರ್‌ವೈಸರ್ ಕೆಲಸ.”

ಅವನು ಹೋಗುವವರೆಗೂ ಸುರೇಖಾ ತಡೆದುಕೊಂಡಳು. ಗಾಡಿಯ ಸದ್ದು ಓಣಿ ದಾಟಿದ್ದೇ ತಡ, ಕಟ್ಟೆ ಒಡೆದ ನೀರಿನಂತೆ ಎಲ್ಲ ಹೇಳಿದಳು. ಮರದ ಕೆಳಗಿನ ಗಂಡಸರು, ಗಂಡಸರಿಗಷ್ಟೇ ಬರುವ ಕ್ಷಯ, ಪರದೆಯ ಮೇಲೆ ಮಾಯವಾಗುವ ಹೆಸರುಗಳು.

ಕಾಂತು ಕೇಳಿಸಿಕೊಂಡ. ಆಮೇಲೆ ಒಂದೊಂದೇ ಮಾತು ಬಿಡಿಸಿ ಹೇಳಿದ. “ಊರೂರು ತಿರಗಿ ಮಂದಿ ಮಕ್ಕಳಿಗಿ ಕೆಲಸ ಐತೇನು, ಕೆಲಸ ಐತೇನು ಅಂತ ಕೇಳ್ತಿ. ಮನಿಗಿ ಬಂದು ನನ್ನ ಮಾರಿ ನೋಡ್ತಿ. ನೀ ಬಾಯಿ ಬಿಟ್ಟು ಕೇಳದಿದ್ರೂ ನನಗ ಕೇಳಸತೈತಿ. ಈಗ ಕೆಲಸ ಸಿಕ್ಕೇತಿ ಅಂದ್ರ ಅದೂ ಬ್ಯಾಡ ಅಂತಿ. ನಾ ಏನಾಗಬೇಕಂತಿ ನೀ?”

“ಜೀವಂತ ಇರಬೇಕಂತೇನಿ.”

“ಹಿಂಗ ಇರೂದಕ್ಕ ಜೀವಂತ ಅಂತಾರೇನು?”

ರೇವವ್ವ ನಡುವೆ ಬಂದಳು. ಮಗನ ಪರವೋ ಮಗಳ ಪರವೋ ಆಕೆಗೇ ತಿಳಿಯದಾಗಿತ್ತು. “ಅಕ್ಕನ ಕೂಡ ಒಮ್ಮಿ ಹೋಗಿ ಕಣ್ಣಿಲೆ ನೋಡಿ ಬಾರೋ ಯಪ್ಪಾ,” ಎಂದಳು. “ಹುಳುಕು ಐತೋ ಇಲ್ಲೋ ನೋಡಿಽ ಕಾಳು ತಗೋತೇವಿಲ್ಲೋ?”

“ನೋಡಿ ಬಂದ ಮ್ಯಾಲೆ ಯಾರೂ ಅಡ್ಡ ಬರಬಾರದು,” ಎಂದ ಕಾಂತು.

ಸುರೇಖಾ ಕಸ್ತೂರೆವ್ವನಿಗೆ ಫೋನು ಮಾಡಿ ಕೇಳಿದಳು. ನನ್ನ ತಮ್ಮನನ್ನು ಕರೆದುಕೊಂಡು ಬರಲೇ, ಮಾಳಿಂಗನನ್ನು ಅವನು ನೋಡಬೇಕು. “ಕರಕೊಂಡು ಬಾ,” ಎಂದಿತು ಆಚೆಯ ದನಿ.

ಮರುದಿನ ಇಬ್ಬರೂ ಜಾಲಿಹಟ್ಟಿಗೆ ಹೋದಾಗ ಮಾಳಿಂಗ ಒಳಮನೆಯ ಹೊರಸಿನ ಮೇಲೆ ಗೋಡೆಗೆ ದಿಂಬು ಇಟ್ಟು ಒರಗಿಕೊಂಡಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಹಗಲು ರಾತ್ರಿ ಕೂತೇ ಇರುತ್ತಿದ್ದ. ಕಾಂತು ಬಾಗಿಲಲ್ಲಿ ನಿಂತ. ಇಬ್ಬರದೂ ಒಂದೇ ವಯಸ್ಸು. ಮಾಳಿಂಗ ಬಂದವನ ಹೊಸ ಕ್ಷೌರ ನೋಡಿದ, ಬೂಟು ನೋಡಿದ, ಎಲ್ಲ ತಿಳಿದವನಂತೆ ತುಸು ನಕ್ಕ.

“ಹೊಂಟೀಯೇನೋ?”

“ಹೂಂ,” ಎಂದ ಕಾಂತು.

“ನನ್ನ… ಹೊರಗ ಬಿಸಲಿಗಿ ಒಯ್ಯತೀಯೇನು? ಅವ್ವಗ ಎತ್ತಾಕ… ಆಗಂಗಿಲ್ಲ.”

ಕಾಂತು ಬಾಗಿ ಒಂದು ಕೈ ಬೆನ್ನಿಗೆ, ಒಂದು ಕೈ ಮೊಣಕಾಲ ಕೆಳಗೆ ಕೊಟ್ಟು ಎತ್ತಿದ. ಅವನು ಕುರಿ ಕಾಯುವುದನ್ನು ಬೇಡವೆಂದವನು ನಿಜ. ಆದರೆ ಹುಟ್ಟಿದ್ದು ಕುರಿಗಾರನ ಮನೆಯಲ್ಲಿ. ಸಂತೆಗೆ ಒಯ್ಯುವ ಮರಿಯನ್ನು ಎತ್ತಿ ನೋಡಿ ತೂಕ ಹೇಳುವುದು ಅವನ ತೋಳಿಗೆ ಗೊತ್ತಿತ್ತು. ಗಂಡಸಿನ ಭಾರಕ್ಕೆಂದು ಬಲ ಹಾಕಿ ಎತ್ತಿದವನು, ಭಾರ ಬಾರದೆ ಹಿಂದಕ್ಕೆ ಒಂದು ಹೆಜ್ಜೆ ತಡವರಿಸಿದ. ಮರಿಯೂ ಅಲ್ಲ, ಬರೀ ಉಣ್ಣೆಯ ಕಂಬಳಿ ಎತ್ತಿದ ಹಾಗಿತ್ತು. ತೋಳೊಳಗೆ ಮಾಳಿಂಗನ ಎದೆ ತಿದಿಯಂತೆ ಏಳುತ್ತಿತ್ತು, ಬೀಳುತ್ತಿತ್ತು. ಪ್ರತಿ ಉಸಿರಿಗೂ ಒಳಗೆ ಉಸುಕು ಸರಿದಂಥ ಸದ್ದು ಕಾಂತುವಿನ ಕಿವಿಗೇ ತಾಗುತ್ತಿತ್ತು.

ಅಂಗಳದ ಬಿಸಿಲಿನಲ್ಲಿ ಅವನನ್ನು ಕೂಡಿಸಿ ಕಾಂತು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಹೊತ್ತು ಏರಿದ ಮೇಲೆ ಮತ್ತೆ ಎತ್ತಿ ಒಳಗೆ ತಂದು ದಿಂಬು ಸರಿಮಾಡಿ ಒರಗಿಸಿದ. ಮಾಳಿಂಗ ಅವನ ಅಂಗಿಯ ತೋಳು ಹಿಡಿದುಕೊಂಡು, “ನನ್ನ ತಮ್ಮ… ಅಲ್ಲಿ ಅದಾನ,” ಎಂದ. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಂತು ಅಕ್ಕನ ಪಕ್ಕ ಕೂಡಲಿಲ್ಲ. ನಿಡಗುಂದಿ ಹತ್ತಿರ ಬಂದಾಗ ಸುರೇಖಾ ತಿರುಗಿ ನೋಡಿದಳು. ಅವನು ತನ್ನ ಎರಡೂ ಅಂಗೈ ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಅವನ್ನೇ ನೋಡುತ್ತ ಕೂತಿದ್ದ.

ಅದರ ಮರುದಿನ ಮುಂಜಾನೆ ಬೊಲೆರೋ ಬಂತು. ಕಾಂತು ಹೊರಗೆ ಬರಲಿಲ್ಲ. ಧರ್ಮರಾಜ ಹಾರ್ನು ಹೊಡೆಯಲಿಲ್ಲ, ಸಿಟ್ಟಿಗೇಳಲಿಲ್ಲ. ಎದುರು ಮನೆಯ ಶಂಕ್ರೆವ್ವನ ಮಗ ಸಿದ್ದಲಿಂಗ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ನಿಂತಿದ್ದ. ಧರ್ಮರಾಜ ಅವನನ್ನು ಕರೆದು ಎರಡು ಮಾತು ಆಡಿದ. ಸಿದ್ದಲಿಂಗ ಬಾಯಿ ಮುಕ್ಕಳಿಸಿ ಒಳಗೆ ಓಡಿ, ಚೀಲ ಹಿಡಿದು ಬಂದು ಗಾಡಿ ಹತ್ತಿದ. ರೊಟ್ಟಿ ಕಟ್ಟಿಕೊಡಲಿಕ್ಕೂ ಶಂಕ್ರೆವ್ವನಿಗೆ ಪುರುಸೊತ್ತು ಸಿಗಲಿಲ್ಲ. ಸುರೇಖಾ ಓಡಿ ಬಂದು, “ಸಿದ್ದೂ, ಹೋಗಬ್ಯಾಡೋ, ಇಳಿ” ಎಂದು ಕೂಗುವಷ್ಟರಲ್ಲಿ ಗಾಡಿ ಹೊರಟಿತ್ತು. ಶಂಕ್ರೆವ್ವ ಅವಳ ಮೇಲೆ ಹರಿಹಾಯ್ದಳು. “ನಿಮ್ಮ ಹುಡುಗಗ ಬ್ಯಾಡಾದ್ರ ನಮ್ಮ ಹುಡುಗನ ಅನ್ನಕ್ಕೂ ಮಣ್ಣ ಹಾಕ್ತೀಯೇನ ನೀ?”

ಹತ್ತು ಹದಿನೈದು ದಿನಗಳಲ್ಲಿ ಮಾಳಿಂಗ ತೀರಿಕೊಂಡ. ಸುದ್ದಿ ಕೇಳಿ ಕಾಂತು ಒಬ್ಬನೇ ಹೋಗಿ ಮಣ್ಣು ಮಾಡಿ ಬಂದ. ಅಂದಿನಿಂದ ಅವನು ತಂದೆಯ ಕುರಿಯ ಹಿಂದೆ ಹೋಗತೊಡಗಿದ. ಆದರೆ ಮನೆಗೆ ಬಂದರೆ ಎದುರು ಮನೆಯ ಕಡೆ ಬೆನ್ನು ಮಾಡಿ ಕೂಡುತ್ತಿದ್ದ. ಶಂಕ್ರೆವ್ವ ತನ್ನ ಮಗನ ಫೋನು ಬಂದಾಗಲೆಲ್ಲ ಓಣಿಗೆ ಕೇಳುವಂತೆ ಮಾತಾಡುತ್ತಿದ್ದಳು. ಒಂದು ದಿನ ಕಾಂತು ಅಕ್ಕನಿಗೆ ಹೇಳಿದ: “ಅದು ನನ್ನ ಸೀಟು. ನನ್ನ ಸೀಟಿನ್ಯಾಗ ಅಂವ ಕುಂತ ಹ್ವಾದ.” ಮರುದಿನ ಬೆಳಗ್ಗೆ ಎದ್ದರೆ ಅವನಿರಲಿಲ್ಲ. ಸೋಲಾಪುರದ ರೈಲು ನಿಲ್ದಾಣದಿಂದ ಒಂದು ಸಂದೇಶ ಬಂದಿತ್ತು: ಸಿದ್ದೂನನ್ನು ಕರೆದುಕೊಂಡು ಬರುತ್ತೇನೆ.

ಆಮೇಲೆ ಅವನ ಫೋನು ಹತ್ತಲಿಲ್ಲ. ರೇವವ್ವ ಅನ್ನ ನೀರು ಬಿಟ್ಟಳು. “ನೀನಽ ಕಳಸಿದಿ,” ಎಂದು ಮಗಳಿಗೆ ಅಂದಳು. ಒಂದು ಸಲ ಅಂದವಳು ಮತ್ತೆ ಅನ್ನಲಿಲ್ಲ, ಮಾತನ್ನೇ ಬಿಟ್ಟಳು. ಸುರೇಖಾ ಡ್ಯೂಟಿಗೆ ಹೋಗುತ್ತಿದ್ದಳು, ಬಾಗಿಲು ಬಡಿಯುತ್ತಿದ್ದಳು, ಎದುರಿಗೆ ಕೂತ ಗಂಡಸು ಏನು ಹೇಳಿದನೆಂದು ಅವಳು ಎರಡನೆಯ ಸಲ ಕೇಳಬೇಕಾಗುತ್ತಿತ್ತು.

ಕಾಂತು ತಿರುಗಿ ಬಂದ. ಒಬ್ಬನೇ ಬಂದ. ಗಿರಣಿಯ ಗೇಟಿನ ಕಾವಲಿನವರು ಫೋನು ಕಸಿದುಕೊಂಡಿದ್ದರು. ಎರಡು ದಿನ ಹೊರಗೇ ಕಾದು, ಪಾಳಿ ಬದಲಾಗುವಾಗ ಆಳುಗಳ ನಡುವೆ ಒಳಗೆ ನುಗ್ಗಿದ್ದ.

“ಒಳಗ ಏನೂ ಕಾಣಂಗಿಲ್ಲ,” ಎಂದ. “ಹಗಲಾಗ ದೀಪ ಹಚ್ಚಿರತಾರ, ಆ ದೀಪನೂ ಕಾಣಂಗಿಲ್ಲ. ಮನಶ್ಯಾರು ಮಗ್ಗಲಾಗ ಬಂದು ನಿಂತ ಮ್ಯಾಲಽ ಗೊತ್ತಾಗತೈತಿ. ಸಿದ್ದೂ ಸಿಕ್ಕ. ಬಾರೋ ಅಂದೆ. ಮಾಳಿಂಗಂದು ಹೇಳಿದೆ. ಎಲ್ಲಾ ಕೇಳಿದ. ಕೇಳಿ, ‘ಊರಿಗಿ ಬಂದು ಏನ ಮಾಡ್ಲಿ? ನಿಮಗ ಕುರಿ ಅದಾವ. ನನಗ ಏನೈತಿ?’ ಅಂದ. ನಾ ಕೈ ಹಿಡದು ಎಳದೆ. ಕೈ ಬಿಡಿಸಿಕೊಂಡು ಒಳಗ ಹ್ವಾದ.”

ಇಷ್ಟು ಹೇಳಿ ಕಾಂತು ಅಳತೊಡಗಿದ. ಸಣ್ಣವನಿದ್ದಾಗ ಅತ್ತದ್ದು ಬಿಟ್ಟರೆ ಅವನು ಅತ್ತದ್ದನ್ನು ಮನೆಯವರು ನೋಡಿರಲಿಲ್ಲ.

ಬಾಗಿಲಲ್ಲಿ ಶಂಕ್ರೆವ್ವ ನಿಂತಿದ್ದಳು. ಯಾವಾಗ ಬಂದಿದ್ದಳೋ ಯಾರೂ ನೋಡಿರಲಿಲ್ಲ. ಜಗಳಕ್ಕೆ ಬಂದಳೆಂದು ರೇವವ್ವ ಎದ್ದು ನಿಂತಳು. ಶಂಕ್ರೆವ್ವ ಮೆಲ್ಲಗೆ, “ಅಂವಗ ಊಟಾ ಬರೋಬ್ಬರಿ ಹಾಕ್ತಾರೇನು?” ಎಂದು ಕೇಳಿದಳು. ಕಾಂತು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಆಕೆ ತಿರುಗಿ ಹೋದಳು. ಮರುದಿನ ಹೊತ್ತು ಮೂಡುವ ಮೊದಲು ಸೀರೆ ಬಿಗಿಯಾಗಿ ಉಟ್ಟು, ರೊಟ್ಟಿಯ ಗಂಟು ಹಿಡಿದು ಮತ್ತೆ ಅದೇ ಬಾಗಿಲಲ್ಲಿ ನಿಂತಿದ್ದಳು. ಜಿಲ್ಲೆ ದಾಟಿ ಗೊತ್ತಿಲ್ಲದ ಹೆಂಗಸು.

“ನಡಿಯೋ ಕಾಂತು,” ಎಂದಳು. “ಹಾದಿ ತೋರಸು. ನನ್ನ ಕೈ ಹ್ಯಾಂಗ ಬಿಡಿಸಿಕೊಳ್ತಾನ ನೋಡ್ತೇನಿ.”

ಗಿರಣಿಯ ಗೇಟಿಗೆ ಬೆನ್ನು ಕೊಟ್ಟು ಆಕೆ ಕೂತಳಂತೆ. ಚೀಲ ಹೊತ್ತ ಲಾರಿಗಳು ಹೊರಗೆ ಬರಲಾರದೆ ಒಂದರ ಹಿಂದೆ ಒಂದು ನಿಂತವಂತೆ. ಕನ್ನಡದಲ್ಲಿ ಆಕೆ ಬೈದದ್ದು ಅಲ್ಲಿಯ ಕಾವಲುಗಾರರಿಗೆ ತಿಳಿಯಲಿಲ್ಲ, ಆದರೆ ಎಬ್ಬಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಸಂಜೆಯ ಹೊತ್ತಿಗೆ ಸಿದ್ದಲಿಂಗನನ್ನೂ, ಅವನ ಹಿಂದೆಯೇ ಮಾಳಿಂಗನ ತಮ್ಮನನ್ನೂ ಹೊರಗೆ ಕಳಿಸಿದರು. ಉಳಿದವರು ಗೇಟಿನ ಜಾಲರಿಯ ಸಂದಿಯಿಂದ ನೋಡುತ್ತ ನಿಂತಿದ್ದರು. ಅವರನ್ನು ಕರೆಯಲು ಅವರವರ ತಾಯಂದಿರು ಬಂದಿರಲಿಲ್ಲ.

ಸುರೇಖಾ ಇಬ್ಬರನ್ನೂ ವಿಜಯಪುರಕ್ಕೆ, ಬಸಂತರಾಯರು ನಂಬರು ಕೊಟ್ಟ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಶಂಕ್ರೆವ್ವ, ಕಸ್ತೂರೆವ್ವ ಇಬ್ಬರೂ ಬಂದಿದ್ದರು. ಡಾಕ್ಟರು ಎಕ್ಸರೇ ಹಾಳೆಗಳನ್ನು ಬೆಳಕಿಗೆ ಹಿಡಿದರು. ಸಿದ್ದಲಿಂಗನದನ್ನು ನೋಡಿ, ಈಗ ಏನೂ ಕಾಣುವುದಿಲ್ಲ, ಆದರೆ ಒಳಗೆ ಹೋದ ಕಲ್ಲು ಹೊರಗೆ ಬರುವುದಿಲ್ಲ, ಅದು ಕಾಯುತ್ತದೆ, ಆರಾರು ತಿಂಗಳಿಗೆ ಬಂದು ತೋರಿಸಿ ಎಂದರು. ಮಾಳಿಂಗನ ತಮ್ಮನ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದರು. ಅದನ್ನು ಮೇಜಿನ ಮೇಲಿಟ್ಟು, “ಇವನ ತಾಯಿ ಯಾರು?” ಎಂದು ಕೇಳಿದರು.

ಕಸ್ತೂರೆವ್ವ ಎದ್ದು ನಿಂತಳು. ಆಕೆಗೆ ಹಾಳೆ ಓದಲು ಬರುತ್ತಿರಲಿಲ್ಲ, ಆದರೆ ಡಾಕ್ಟರ ಮುಖ ಓದಿದಳು.

ಬಸಂತರಾಯರು ನಿವೃತ್ತಿಯ ಮೊದಲು ಜಾಲಿಹಟ್ಟಿಯ ವಿಷಯ ಮೇಲಿನವರಿಗೆ ಬರೆದರು. ಒಂದು ತಂಡ ಬಂದು ಹೋಯಿತು. ಧರ್ಮರಾಜನನ್ನು ಕರೆಸಿ ಕೇಳಿದರೆ, ತಾನು ಯಾರನ್ನೂ ಬಲವಂತದಿಂದ ಒಯ್ದಿಲ್ಲ, ಎಲ್ಲರೂ ತಾವಾಗಿಯೇ ಬಂದವರು ಎಂದನಂತೆ. ಅದು ಸುಳ್ಳೂ ಆಗಿರಲಿಲ್ಲ. ತಾಂಬಾದ ಕಡೆ ಅವನ ಗಾಡಿ ಈಗ ಬರುವುದಿಲ್ಲ. ಸಿಂದಗಿ ತಾಲೂಕಿನ ಹಳ್ಳಿಗಳಲ್ಲಿ ಓಡಾಡುತ್ತದೆ ಎಂದು ಕಂಡವರು ಹೇಳುತ್ತಾರೆ.

ಸುರೇಖಾ ಕೆಲಸ ಬಿಟ್ಟಿಲ್ಲ. ಜಾಲಿಹಟ್ಟಿಯ ಸರದಿ ಮುಗಿದು ಅವಳಿಗೆ ಹೊಸ ಊರುಗಳು ಬಂದಿವೆ, ಎಲ್ಲವೂ ಸಿಂದಗಿಯವೇ. ಅವಳು ಈಗ ಪ್ರಶ್ನೆ ಕೇಳಿ ಮುಗಿಸಿದ ಮೇಲೂ ಏಳುವುದಿಲ್ಲ. ಟ್ಯಾಬು ಮುಚ್ಚಿ ಚೀಲದಲ್ಲಿಟ್ಟು, ಆ ಮನೆಯ ಹೆಂಗಸರನ್ನು ಹತ್ತಿರ ಕರೆದು, ಬಿಳಿ ಕಲ್ಲಿನ ಮಾತು ತೆಗೆಯುತ್ತಾಳೆ. ಕೆಲವರು ಕೇಳುತ್ತಾರೆ. ಕೆಲವರು, ಕೆಲಸ ಕೊಡಿಸಲು ಬಂದವಳೆಂದು ತಪ್ಪು ತಿಳಿದು, ಆ ಗಿರಣಿ ಎಲ್ಲಿದೆ, ನಮ್ಮ ಹುಡುಗನನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳುತ್ತಾರೆ.